ಬ್ಯಾಂಕಾಕಿನ ಊಟದಲ್ಲಿ ಸಿಕ್ಕ ಕೂದಲು

ತಟ್ಟೆ ಮುಂದಿಟ್ಟುಕೊಂಡು ಓದುವ ಅಭ್ಯಾಸ ನಿಮಗಿದ್ದರೆ ಮೊದಲು ಊಟ ಮುಗಿಸಿ ಕೈ ತೊಳೆದು ಬನ್ನಿ. ತಮಾಷೆಗೆ ಹೇಳುತ್ತಿಲ್ಲ. ಇದನ್ನು ಕೇಳುತ್ತಾ ಊಟ ಮಾಡುತ್ತಿದ್ದ ನನ್ನ ನಾದಿನಿ ಬಾಯಲ್ಲಿದ್ದ ತುತ್ತನ್ನು ಉಗಿದು ಎದ್ದುಹೋಗಿದ್ದಳು.

ದೆವ್ವ, ಪೀಡೆ, ಗಾಳಿ ಸೋಕುವುದು ಇದ್ಯಾವುದನ್ನೂ ನಾನು ನಂಬಿದವಳಲ್ಲ. ಆಲೂರಿನ ಮುಖ್ಯರಸ್ತೆಯಲ್ಲಿ ನಮ್ಮದೊಂದು ಬೇಕರಿ ಇದೆ. ಮುಂದಿನ ಬೆಂಚಿನ ಮೇಲೆ ಕೂತು ಟೀ ಕುಡಿಯುವ ಲಾರಿಯವರು ಘಾಟಿಯಲ್ಲಿ ಬಿಳಿ ಸೀರೆಯವಳು ಕೈ ಅಡ್ಡ ಹಿಡಿದ ಕತೆಯನ್ನು ಪ್ರತಿ ಮಳೆಗಾಲದಲ್ಲೂ ಹೊಸದಾಗಿ ಹೇಳುತ್ತಾರೆ. ‘ಇನ್ನೊಂದ್ಸಲ ಸಿಕ್ಕಿದ್ರೆ ಇಲ್ಲಿಗೇ ಕರ್ಕಂಡ್ ಬನ್ರಪ್ಪ, ಮೈದಾ ನಾದಕ್ಕೆ ಒಬ್ಬಳು ಬೇಕಾಗೈತೆ’ ಎಂದು ನಾನು ನಗುತ್ತಿದ್ದೆ. ಮೈಮೇಲೆ ಬರುವವರನ್ನು ಕಂಡರೂ ನನಗೆ ನಗುವೇ. ಮನುಷ್ಯರಿಗೆ ಪುರುಸೊತ್ತು ಜಾಸ್ತಿಯಾದಾಗ ಇಂಥವೆಲ್ಲ ಹುಟ್ಟುತ್ತವೆ ಎಂದು ಗಟ್ಟಿಯಾಗಿ ನಂಬಿದ್ದೆ.

ನನಗೆ ಭಯ ಕಡಿಮೆ, ಅಸಹ್ಯ ಜಾಸ್ತಿ. ಹಿತ್ತಲಲ್ಲಿ ಹಾವು ಕಂಡರೆ ಕೋಲು ಹುಡುಕುವ ಹೆಂಗಸು ನಾನು. ಆದರೆ ಅನ್ನದಲ್ಲಿ ಒಂದು ಕೂದಲು ಸಿಕ್ಕರೆ ಆ ದಿನದ ಊಟ ಮುಗಿದಂತೆ. ನಮ್ಮ ಬೇಕರಿಯ ಒಳಗಡೆ ತಲೆಗೆ ಟೋಪಿ ಇಲ್ಲದೆ ಯಾರೂ ಕಾಲಿಡುವಂತಿಲ್ಲ. ನನ್ನ ಗಂಡನೂ ಹಾಕಿಕೊಳ್ಳಬೇಕು, ಅವರ ತಲೆಯಲ್ಲಿ ಉದುರಲು ಏನೂ ಉಳಿದಿಲ್ಲ ಎನ್ನುವುದು ಬೇರೆ ಮಾತು. ನಾನು ನನ್ನ ಜಡೆಯನ್ನೇ ಕತ್ತರಿಸಿ ಕಿವಿಯ ಮಟ್ಟಕ್ಕೆ ಬಿಟ್ಟುಕೊಂಡು ಬಹಳ ಕಾಲವಾಯಿತು.

ಈಗ ನನ್ನ ಗೆಳತಿಯರ ವಿಷಯ. ನಲವತ್ತು ದಾಟಿದ ಮೇಲೆ ನನಗೆ ಕಾರು ಕಲಿಯುವ ಹುಚ್ಚು ಹತ್ತಿ ಸಕಲೇಶಪುರದ ಒಂದು ಡ್ರೈವಿಂಗ್ ಶಾಲೆಗೆ ಸೇರಿದೆ. ಅಲ್ಲಿ ಇನ್ನಿಬ್ಬರು ಹೆಂಗಸರಿದ್ದರು. ಒಬ್ಬಳು ಹೆತ್ತೂರಿನ ಸುಮಿತ್ರ, ಕಾಫಿ ತೋಟದವರ ಮನೆಯ ಸೊಸೆ, ನನ್ನದೇ ವಯಸ್ಸು, ಬಾಯಿ ಜೋರು. ಇನ್ನೊಬ್ಬರು ದೋಣಿಗಲ್‌ನ ಐರಿನಕ್ಕ. ಅವರ ಅಜ್ಜನ ಕಾಲದಲ್ಲಿ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಕುಟುಂಬ. ನರ್ಸ್ ಆಗಿದ್ದು ಆಗತಾನೇ ನಿವೃತ್ತರಾಗಿದ್ದರು. ನಾವು ಮೂವರೂ ಒಂದೇ ಕಾರಿನಲ್ಲಿ ಕೂತು, ಒಬ್ಬಳು ಓಡಿಸುವಾಗ ಹಿಂದೆ ಕೂತ ಇಬ್ಬರು ಕಿರುಚುತ್ತಾ, ಹೇಮಾವತಿ ಸೇತುವೆಯ ಮೇಲೆ ಬಸ್ಸಿಗೆ ದಾರಿ ಬಿಡಲು ಗೊತ್ತಾಗದೆ ಅಡ್ಡಡ್ಡ ನಿಂತು ಬೈಸಿಕೊಂಡವರು. ಹಾಗೆ ಒಟ್ಟಿಗೆ ಬೈಸಿಕೊಂಡವರ ಸ್ನೇಹ ಗಟ್ಟಿ. ಲೈಸೆನ್ಸ್ ಬಂದ ಮೇಲೆ ಮೂವರೂ ಕಾರಿನಲ್ಲಿ ಮೀನೂಟಕ್ಕೆಂದೇ ಮಂಗಳೂರಿಗೆ ಹೋಗಿಬರುತ್ತಿದ್ದೆವು. ನನ್ನ ಹೆಸರು ಮರೆತುಹೋದಂತೆ ಸುಮಿತ್ರ ನನ್ನನ್ನು ‘ಬೇಕ್ರಿ’ ಎಂದೇ ಕರೆಯುತ್ತಿದ್ದಳು.

ಬ್ಯಾಂಕಾಕ್ ಯೋಚನೆ ಸುಮಿತ್ರಳದು. ಅವಳ ವಾರಗಿತ್ತಿ ಹೋಗಿಬಂದು ರಾಶಿ ಬಟ್ಟೆ ತಂದಿದ್ದಳು. ‘ಅವಳು ನೋಡ್ಕಂಡ್ ಬಂದವಳೆ, ನಾವೇನ್ ಕಮ್ಮಿನಾ? ಶುಕ್ರವಾರ ಹತ್ತಿದ್ರೆ ಸೋಮವಾರ ಮನೇಲಿರ್ತೀವಿ ಕಣೇ’ ಎಂದಳು. ಹಾಸನದ ಒಬ್ಬ ಟಿಕೆಟ್ ಏಜೆಂಟ್ ಎಲ್ಲ ಮಾಡಿಕೊಟ್ಟ. ನಮಗೆ ದೇವಸ್ಥಾನ ಬೇಡ, ಅರಮನೆ ಬೇಡ, ತಿನ್ನಬೇಕು ಮತ್ತು ಕೊಳ್ಳಬೇಕು, ಅಷ್ಟೇ. ಬೇಕರಿ ಶುರುವಾದಾಗಿನಿಂದ ಎರಡು ದಿನ ಒಟ್ಟಿಗೆ ರಜೆ ಹಾಕಿದವಳಲ್ಲ ನಾನು. ವಿಮಾನ ಮೇಲೇರುವಾಗ ಐರಿನಕ್ಕ ಶಿಲುಬೆ ಗುರುತು ಮಾಡಿಕೊಂಡರೆ, ನಾನೂ ಸುಮಿತ್ರಳೂ ಅಲ್ಲಿ ಏನೇನು ತಿನ್ನಬೇಕು ಎಂದು ಬೆರಳು ಮಡಿಸಿ ಎಣಿಸುತ್ತಿದ್ದೆವು.

ಶನಿವಾರ ಬೆಳಿಗ್ಗೆ ಇಳಿದು, ಹೋಟೆಲಿನಲ್ಲಿ ಪೆಟ್ಟಿಗೆ ಎಸೆದು, ನೇರವಾಗಿ ಬಟ್ಟೆಯ ಸಗಟು ಮಾರುಕಟ್ಟೆಗೆ ಹೋದೆವು. ಗಲ್ಲಿಯ ಒಳಗೆ ಗಲ್ಲಿ, ಅದರೊಳಗೆ ಇನ್ನೊಂದು. ಎರಡೂ ಕಡೆ ಬಟ್ಟೆ ಗೋಡೆಯಂತೆ ನೇತುಬಿದ್ದಿತ್ತು. ಸುಮಿತ್ರ ಕನ್ನಡದಲ್ಲೇ ಚೌಕಾಸಿ ಮಾಡಿ ಗೆಲ್ಲುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೂವರ ಕೈಯಲ್ಲೂ ಚೀಲಗಳು, ಕಾಲಲ್ಲಿ ನೋವು, ಹೊಟ್ಟೆಯಲ್ಲಿ ಬೆಂಕಿ. ಗಲ್ಲಿಯ ಬಾಯಲ್ಲೇ ಒಬ್ಬ ಹೆಂಗಸು ನೂಡಲ್ಸ್ ಸಾರು ಕೊಡುತ್ತಿದ್ದಳು. ನಾನು ಬೇರೆಯವರ ಅಡುಗೆಮನೆಯನ್ನು ನೋಡದೆ ತಿನ್ನುವವಳಲ್ಲ. ಇವಳ ತಲೆಗೆ ಬಲೆಯ ಟೋಪಿ ಇತ್ತು, ಉಗುರು ಕತ್ತರಿಸಿದ್ದಳು, ಸೌಟು ಇಡಲು ಬೇರೆ ತಟ್ಟೆ ಇತ್ತು. ನನಗೆ ಒಪ್ಪಿಗೆಯಾಯಿತು.

ಸಾರು ಬಹಳ ಚೆನ್ನಾಗಿತ್ತು, ಅದನ್ನು ಸುಳ್ಳು ಹೇಳಬಾರದು. ಬಟ್ಟಲು ಅರ್ಧವಾದಾಗ ನೂಡಲ್ಸಿನ ಒಂದು ಎಳೆ ಹಲ್ಲಿಗೆ ಸಿಕ್ಕಿಕೊಂಡು ಕಚ್ಚಿದರೂ ತುಂಡಾಗಲಿಲ್ಲ. ಬೆರಳು ಹಾಕಿ ಎಳೆದೆ. ಕೂದಲು. ಎಳೆದಷ್ಟೂ ಬಂತು. ಬುಡದ ಕಡೆ ಬಿಳಿ, ತುದಿಯ ಕಡೆ ಮೆಹಂದಿಯ ಕಿತ್ತಳೆ ಬಣ್ಣ. ಬುಡದಲ್ಲಿ ಅಕ್ಕಿನುಚ್ಚಿನಂಥ ಸಣ್ಣ ಗಂಟು ಕೂಡ ಇತ್ತು. ತಲೆಯಿಂದ ಈಗ ಕಿತ್ತ ಕೂದಲಿಗೆ ಇರುತ್ತದಲ್ಲ, ಅಂಥದು. ಸಾರಿನ ಜಿಡ್ಡು ಅದರ ಮೇಲೆ ಹನಿಹನಿಯಾಗಿ ನಿಂತಿತ್ತು. ಬಟ್ಟಲನ್ನು ಪಕ್ಕಕ್ಕೆ ತಳ್ಳಿದೆ.

ಅಂಗಡಿಯವಳು ಓಡಿಬಂದು, ಕೈಮುಗಿದು, ತನ್ನ ಟೋಪಿ ತೆಗೆದು ತೋರಿಸಿದಳು. ಗಿಡ್ಡ ಕಪ್ಪು ಕೂದಲು. ಐರಿನಕ್ಕ ಫೋಟೊ ತೆಗೆದರು. ನಾನು ಸುಮಿತ್ರಳ ಕಡೆ ನೋಡಿದೆ. ಅವಳಿಗೆ ಬೇಗ ನರೆ ಬಂದಿತ್ತು, ಮೆಹಂದಿ ಹಚ್ಚುತ್ತಿದ್ದಳು. ಬುಡದಲ್ಲಿ ಬಿಳಿ, ಕೆಳಗೆ ಕಿತ್ತಳೆ.

‘ಸುಮಿ, ನಿಂದೇ ಕಣೇ ಇದು. ಮೊದ್ಲು ತಲೆ ಕಟ್ಕೊ’ ಎಂದೆ.

‘ಅಯ್ಯೋ, ನಿಂಗೂ ಒಂದು ಗಿಫ್ಟ್ ಅಂದ್ಕೊ’ ಎಂದು ನಗುತ್ತಾ, ಆಗತಾನೇ ಕೊಂಡಿದ್ದ ಸ್ಕಾರ್ಫ್ ತೆಗೆದು ತಲೆಗೆ ಬಿಗಿಯಾಗಿ ಕಟ್ಟಿಕೊಂಡಳು. ಒಂದು ಎಳೆಯೂ ಹೊರಗೆ ಕಾಣಲಿಲ್ಲ. ಇಷ್ಟೇ ಆಗಿದ್ದರೆ ಇದು ಬರೆಯುವ ವಿಷಯವೇ ಆಗುತ್ತಿರಲಿಲ್ಲ.

ಮಧ್ಯಾಹ್ನದ ಮೇಲೆ ಅಲ್ಲಿನ ವಾರಾಂತ್ಯದ ದೊಡ್ಡ ಸಂತೆಗೆ ಹೋದೆವು. ಬಾಯಿಯ ರುಚಿ ಬದಲಾಗಲೆಂದು ನಾನು ಸಿಹಿ ತಿನ್ನೋಣ ಎಂದೆ. ಅಲ್ಲಿ ಮಾವಿನಹಣ್ಣನ್ನು ತೆಂಗಿನಹಾಲಿನ ಅಂಟು ಅನ್ನದ ಜೊತೆ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ಸಾಲಾಗಿ ಜೋಡಿಸಿದ್ದ ಡಬ್ಬಿಗಳಲ್ಲಿ ನಾನೇ ಒಂದನ್ನು ಆರಿಸಿ, ಅಂಟಿಸಿದ್ದ ಟೇಪನ್ನು ನಾನೇ ಕಿತ್ತೆ. ಸುಮಿತ್ರ ದೂರದಲ್ಲಿ ಚಪ್ಪಲಿ ನೋಡುತ್ತಿದ್ದಳು. ಮಾವಿನ ಹೋಳನ್ನು ಎತ್ತಿದರೆ ಅದರ ಅಡಿಯಲ್ಲಿ, ಅನ್ನಕ್ಕೆ ಅಂಟಿಕೊಂಡು, ಅದೇ ಕೂದಲು ಸುರುಳಿಯಾಗಿ ಮಲಗಿತ್ತು. ಹೋಳನ್ನು ಎತ್ತಿದಾಗ ಅದರ ಒಂದು ಸುತ್ತು ಹಣ್ಣಿನ ಜೊತೆಗೇ ಎದ್ದುಬಂತು.

ನಾನು ಡಬ್ಬಿಯನ್ನು ಐರಿನಕ್ಕನ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿ, ‘ಎಂತ ಮಾರಾಯ್ತಿ ಇದು, ಇಲ್ಲೂ ಉಂಟಲ್ಲ!’ ಎಂದರು. ತಮ್ಮ ಡಬ್ಬಿಯನ್ನು ತೆರೆದು ಕಡ್ಡಿಯಿಂದ ಕೆದಕಿ ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ‘ನನ್ನದು ತಗೊ, ನಾನು ಬಾಯಿ ಹಾಕಿಲ್ಲ’ ಎಂದು ಕೊಟ್ಟರು. ನಾನು ಮುಟ್ಟಲಿಲ್ಲ. ಅವರೇ ತಿಂದರು. ಏನೂ ಸಿಗಲಿಲ್ಲ.

ಆಮೇಲೆ ನನಗೆ ಬಾಯಾರಿತು. ಎಳನೀರಿನವನು ನನ್ನ ಕಣ್ಣೆದುರೇ ಕಾಯಿಯ ತಲೆ ಕೆತ್ತಿ, ಕಾಗದ ಸುತ್ತಿದ ಸ್ಟ್ರಾ ಕೊಟ್ಟ. ಮರದ ಮೇಲೆ ಬೆಳೆದ ಕಾಯಿಯೊಳಗೆ ಯಾರ ತಲೆಯ ಕೂದಲು ಬಂದೀತು ಎಂದು ನಿಶ್ಚಿಂತೆಯಿಂದ ಹೀರಿದೆ. ತಣ್ಣಗೆ, ಸಿಹಿಯಾಗಿ ಇಳಿಯಿತು. ಮೂರನೆಯದೋ ನಾಲ್ಕನೆಯದೋ ಗುಟುಕಿಗೆ ನಾಲಿಗೆಯ ಮೇಲೆ ಏನೋ ತೆಳ್ಳಗೆ ಜಾರಿತು. ನುಂಗಿಬಿಟ್ಟೆ. ನುಂಗಿದ್ದು ಹೊಟ್ಟೆಗೆ ಹೋಗಲಿಲ್ಲ. ಒಂದು ತುದಿ ಗಂಟಲೊಳಗೆ, ಇನ್ನೊಂದು ತುದಿ ಇನ್ನೂ ಸ್ಟ್ರಾದಲ್ಲಿ. ಅದನ್ನು ಹೇಗೆ ಹೇಳುವುದೋ ತಿಳಿಯದು. ಗಂಟಲಿನಿಂದ ಅದನ್ನು ಹೊರಗೆಳೆಯುವಾಗ ಒಳಗೆಲ್ಲ ದಾರದಿಂದ ಹೊಲಿಗೆ ಬಿಚ್ಚಿದಂತಾಯಿತು. ಸಂತೆಯ ನಡುವೆಯೇ, ಚೀಲಗಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ವಾಂತಿ ಮಾಡಿದೆ. ಹೋಗುವವರು ಬರುವವರು ಮೂಗು ಮುಚ್ಚಿಕೊಂಡು ಸುತ್ತುಹಾಕಿ ನಡೆದರು. ಐರಿನಕ್ಕ ನನ್ನ ಹಣೆ ಹಿಡಿದುಕೊಂಡಿದ್ದರು. ಕೂದಲು ನನ್ನ ಬೆರಳಿಗೆ ಸುತ್ತಿಕೊಂಡಿತ್ತು, ಎಂಜಲಿನಿಂದ ಹೊಳೆಯುತ್ತಾ. ಬಿಳಿ, ಆಮೇಲೆ ಕಿತ್ತಳೆ.

ಸಂಜೆ ಹೋಟೆಲಿನ ಕೋಣೆಯಲ್ಲಿ ಜಗಳವಾಯಿತು. ಸುಮಿತ್ರ ಸ್ಕಾರ್ಫ್ ಬಿಚ್ಚಿ ಕನ್ನಡಿಯ ಮುಂದೆ ತಲೆ ಬಾಚತೊಡಗಿದಳು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ಕಸದ ಬುಟ್ಟಿಗೆ ಹಾಕುವುದನ್ನು ಕಂಡು ಮುಖ ತಿರುಗಿಸಿದೆ. ‘ಬಾತ್‌ರೂಮಲ್ಲಿ ಬಾಚ್ಕೊಳೇ, ಹೇಸಿಗೆ!’ ಎಂದುಬಿಟ್ಟೆ.

ಅವಳು ಬಾಚಣಿಗೆ ಇಟ್ಟಳು. ನಾನು ಕಾಗದದಲ್ಲಿ ಸುತ್ತಿಟ್ಟಿದ್ದ ಎಳನೀರಿನ ಕೂದಲನ್ನು ಬಿಚ್ಚಿ, ತನ್ನ ತಲೆಯ ಒಂದು ಎಳೆಯನ್ನು ಪಟ್ಟನೆ ಕಿತ್ತು, ಎರಡನ್ನೂ ಬಿಳಿ ಹಾಸಿಗೆಯ ಮೇಲೆ ಅಕ್ಕಪಕ್ಕ ಹಾಕಿದಳು. ಅವಳದು ಭುಜದ ಮಟ್ಟದ್ದು. ಇದು ಅದರ ಎರಡರಷ್ಟು ಇತ್ತು, ದಪ್ಪವೂ ಹೆಚ್ಚು. ‘ನೋಡ್ಕಳೇ ಸರ್ಯಾಗಿ. ನಂದಾ ಇದು?’ ಎಂದಳು.

ನಾನು ಬಗ್ಗಿ ಎರಡನ್ನೂ ನೋಡಿದೆ.

‘ಬೆಳಗ್ಗೆಯಿಂದ ನೋಡ್ತಿದ್ದೀನಿ, ಸಿಗೋದು ನಿನ್ ಒಬ್ಳಿಗೇ. ನಮ್ಗ್ಯಾಕೆ ಸಿಗಲ್ಲ? ನೀನೇ ಎಲ್ಲಿಂದಲೋ ತಂದು ಹಾಕ್ಕಂತಿದ್ದೀಯೇನೋ, ಯಾರಿಗ್ ಗೊತ್ತು. ಖುಷಿಯಾಗಿರದು ನಿಂಗೆ ಬಂದಿಲ್ಲ. ಎಲ್ಲಿ ಹೋದ್ರೂ ಬೇರೆಯವರ ಅಡುಗೆಮನೇಲಿ ಹೇಸಿಗೆ ಹುಡುಕ್ತೀಯ.’

ಇದು ಅವಳು ಸಿಟ್ಟಿನಲ್ಲಿ ಆಡಿದ ಮಾತು. ಆದರೂ ನನಗೆ ನಾಟಿತು. ಏಕೆಂದರೆ ಆ ಸಂಜೆ ನನ್ನ ಬಗ್ಗೆಯೇ ನನಗೆ ಸಂಶಯ ಹುಟ್ಟಿತ್ತು. ನನಗೇ ಗೊತ್ತಿಲ್ಲದೆ ನನ್ನ ಕೈ ಏನಾದರೂ ಮಾಡುತ್ತಿದೆಯೇ? ಎಲ್ಲಿಂದ ತರುತ್ತಿದೆ? ಐರಿನಕ್ಕ ನಡುವೆ ಬಂದು ‘ಸಾಕು ಮಾರಾಯ್ರೆ, ಬಿಸಿಲಿಗೆ ಎಲ್ಲರಿಗೂ ತಲೆ ಕೆಟ್ಟಿದೆ’ ಎಂದು ಕೂದಲುಗಳನ್ನು ಮುದ್ದೆ ಮಾಡಿ ಶೌಚಾಲಯಕ್ಕೆ ಹಾಕಿ ನೀರು ಬಿಟ್ಟರು. ಅವರಿಬ್ಬರೂ ಊಟಕ್ಕೆ ಹೋದರು. ನಾನು ಬಾಟಲಿಯ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ ನೋಡಿ ಕುಡಿದು ಮಲಗಿದೆ.

ಭಾನುವಾರ ಬೆಳಿಗ್ಗೆ ತಿಂಡಿಗೆ ಇಳಿದೆವು. ದೊಡ್ಡ ಕಿಟಕಿಗಳ ಕೋಣೆ, ತುಂಬ ಬಿಸಿಲು, ಮಕ್ಕಳ ಗಲಾಟೆ. ಸುಮಿತ್ರ ನನ್ನ ಜೊತೆ ಮಾತಾಡದಿದ್ದರೂ ನನ್ನ ಎದುರಿಗೇ ಕೂತಳು. ನನಗೆ ವಿಪರೀತ ಹಸಿವಾಗಿತ್ತು. ಸಾಲಾಗಿ ಇಟ್ಟಿದ್ದ ತಿಂಡಿಗಳಲ್ಲಿ ಒಂದೊಂದರ ಮುಂದೆಯೂ ನಿಂತು ಯೋಚಿಸಿದೆ. ಬ್ರೆಡ್ಡೇ? ಹಿಟ್ಟನ್ನು ಯಾರೋ ನಾದಿರುತ್ತಾರೆ. ಹಣ್ಣೇ? ಯಾರೋ ಹೆಚ್ಚಿರುತ್ತಾರೆ. ಕೊನೆಗೆ ಚಿಪ್ಪು ಸುಲಿಯದ ಬೇಯಿಸಿದ ಮೊಟ್ಟೆಗಳ ಬುಟ್ಟಿ ಕಂಡಿತು. ದಿನಾ ತಟ್ಟೆಗಟ್ಟಲೆ ಮೊಟ್ಟೆ ಒಡೆಯುವವಳು ನಾನು. ಚಿಪ್ಪು ಬಿರುಕಿಲ್ಲದಿದ್ದರೆ ಒಳಗೆ ಏನೂ ಹೋಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದನ್ನು ಆರಿಸಿದೆ. ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿದೆ. ಬಿರುಕಿರಲಿಲ್ಲ.

ಮೇಜಿನ ಅಂಚಿಗೆ ತಟ್ಟಿ ಸುಲಿದೆ. ಬೆಳ್ಳಗೆ, ನುಣ್ಣಗೆ ಬಂತು. ನೀರಿನಲ್ಲಿ ಅದ್ದಿ ಒರೆಸಿದೆ. ಐರಿನಕ್ಕ ‘ಇನ್ನಾದರೂ ತಿನ್ನು’ ಎಂದರು. ಚಾಕುವಿನಿಂದ ಎರಡು ಹೋಳು ಮಾಡಲು ಹೋದರೆ ಚಾಕು ನಡುವೆ ತಡೆಯಿತು. ಇನ್ನೂ ಸ್ವಲ್ಪ ಒತ್ತಿದೆ. ಬಿಳಿಭಾಗ ಬಿಟ್ಟುಕೊಂಡಿತು, ಆದರೆ ಎರಡು ಹೋಳುಗಳು ಬೇರೆಯಾಗಲಿಲ್ಲ. ಹಳದಿ ಭಾಗ ಪುಡಿಪುಡಿಯಾಗಿ ಉದುರಿ, ಅದರೊಳಗೆ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡಿದ್ದು ಕಾಣಿಸಿತು. ಕಿತ್ತಳೆ ಬಣ್ಣದ ತುದಿ ಹೊರಗೆ ಚಾಚಿಕೊಂಡಿತ್ತು. ಹಳದಿಯ ಚೂರುಗಳು ಅದಕ್ಕೆ ಮೆತ್ತಿಕೊಂಡಿದ್ದವು.

ನಾನು ಕೂಗಲಿಲ್ಲ. ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿದೆ. ಐರಿನಕ್ಕ ನೋಡಿದರು. ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಸುಮಿತ್ರ ನನ್ನ ಮುಖವನ್ನೂ ತಟ್ಟೆಯನ್ನೂ ನೋಡಿದಳು. ನಾನು ಮೊಟ್ಟೆ ಸುಲಿಯುವುದನ್ನು ಅವಳು ಎದುರಿಗೇ ಕೂತು ಕಂಡಿದ್ದಳು. ಆಮೇಲೆ ಕೈ ಚಾಚಿ, ಆ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ಒಂದು ಗೇಣಿನಷ್ಟು ಬಂತು. ಇದ್ದಕ್ಕಿದ್ದಂತೆ ಬಿಟ್ಟು, ಕರವಸ್ತ್ರ ತೆಗೆದು ತಟ್ಟೆಯ ಮೇಲೆ ಹಾಕಿ, ಎದ್ದು ಕೈ ತೊಳೆಯಲು ಹೋದಳು. ಬಹಳ ಹೊತ್ತು ಬರಲಿಲ್ಲ. ಅಷ್ಟರಲ್ಲಿ ಹೋಟೆಲಿನವನೊಬ್ಬ ಬಂದು ಮೇಜು ಒರೆಸಿ, ತಟ್ಟೆಯನ್ನು ಕರವಸ್ತ್ರದ ಸಮೇತ ಎತ್ತಿಕೊಂಡು ಹೋದ. ನಮಗೆ ಅವನನ್ನು ತಡೆಯುವುದು ಹೊಳೆಯಲೇ ಇಲ್ಲ. ಫೋಟೊ ತೆಗೆಯುವುದೂ ಹೊಳೆಯಲಿಲ್ಲ. ಈಗಿನ ಕಾಲದಲ್ಲಿ ಎಲ್ಲರೂ ಮೊದಲು ಕೇಳುವುದೇ ಅದನ್ನು.

ಆ ದಿನ ಉಳಿದ ಹೊತ್ತನ್ನು ಹೇಗೆ ಕಳೆದೆವೋ. ಸಂಜೆಯ ವಿಮಾನದವರೆಗೆ ಒಂದು ದೊಡ್ಡ ಮಾಲ್‌ನಲ್ಲಿ ಅಲೆದೆವು. ನಾನು ತಿನ್ನುವ ಅಂಗಡಿಗಳ ಸಾಲಿನಲ್ಲಿ ಒಂದು ಕುರ್ಚಿಯಲ್ಲಿ ಕೂತಿದ್ದೆ. ಸುತ್ತ ನೂರಾರು ಜನ ತಿನ್ನುತ್ತಿದ್ದರು. ಹಿಂದಿನ ದಿನ ನನಗೆ ಹಬ್ಬದಂತೆ ಕಂಡದ್ದು ಈಗ ಬರೀ ಬಾಯಿಗಳಾಗಿ ಕಂಡಿತು. ತೆರೆಯುವ ಬಾಯಿ, ಮುಚ್ಚುವ ಬಾಯಿ, ಎಣ್ಣೆ ಹತ್ತಿದ ಗಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ನಾಲಿಗೆಯಿಂದ ತೆಗೆಯುವವರು, ಎಲುಬು ಚೀಪಿ ತಟ್ಟೆಯ ಅಂಚಿಗೆ ಉಗುಳುವವರು. ಕರಿದ ಎಣ್ಣೆ, ಮೀನಿನ ಸಾಸು, ಸಕ್ಕರೆ ಪಾಕ ಎಲ್ಲ ಸೇರಿ ಒಂದೇ ವಾಸನೆಯಾಗಿತ್ತು. ನಮ್ಮ ಕಡೆ ಕಾಫಿ ಹಣ್ಣಿನ ಸಿಪ್ಪೆಯ ರಾಶಿ ಕೊಳೆಯುವಾಗ ಬರುವ ವಾಸನೆ ಅದಕ್ಕಿಂತ ಎಷ್ಟೋ ವಾಸಿ. ನಾನು ಕೊಂಡ ಬಟ್ಟೆಗಳಿಗೂ ಅದು ಹತ್ತಿಕೊಂಡಿತ್ತು. ಐರಿನಕ್ಕ ಪಕ್ಕದಲ್ಲಿ ಕೂತು ಜಪಮಣಿ ಎಣಿಸುತ್ತಿದ್ದರು. ಸುಮಿತ್ರ ದೂರದ ಬೆಂಚಿನಲ್ಲಿ ಬೆನ್ನು ತಿರುಗಿಸಿ ಕೂತು, ಬಲಗೈಯನ್ನು ತೊಡೆಗೆ ಉಜ್ಜಿಕೊಳ್ಳುತ್ತಲೇ ಇದ್ದಳು.

ಊರಿಗೆ ಬಂದು ಮೊದಲ ತುತ್ತು ಅನ್ನವನ್ನು ಸಾರಿನಲ್ಲಿ ಕಲಸಿ, ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದೆ. ಏನೂ ಇರಲಿಲ್ಲ. ಆ ದಿನದಿಂದ ಇವತ್ತಿನವರೆಗೂ ನನ್ನ ತಟ್ಟೆಯಲ್ಲಿ ಅಂಥ ಕೂದಲು ಸಿಕ್ಕಿಲ್ಲ. ಆದರೆ ತಿನ್ನುವುದು ನನಗೆ ಕಷ್ಟವಾಯಿತು. ಯಾವುದನ್ನು ಅಗಿದರೂ ಹಲ್ಲು ಮುಂದಿನ ಎಳೆಗಾಗಿ ಕಾಯುತ್ತಿತ್ತು. ರವಿಕೆಗಳೆಲ್ಲ ಸಡಿಲವಾದವು. ಅದಕ್ಕಿಂತ ಹೆಚ್ಚಾಗಿ, ಬೇಕರಿಯಲ್ಲಿ ಹಿಟ್ಟಿನೊಳಗೆ ಕೈ ಇಳಿಯದಾಯಿತು. ಹದ ನೋಡಲು ಹಿಟ್ಟನ್ನು ಎಳೆದಾಗ ಎಳೆಎಳೆಯಾಗುತ್ತದಲ್ಲ, ಅದನ್ನು ಕಂಡರೆ ಓಡಿಹೋಗಿ ನಲ್ಲಿಯ ಹತ್ತಿರ ನಿಲ್ಲುತ್ತಿದ್ದೆ. ರುಚಿ ನೋಡದೆ ಮಾರಿದರೆ ಅದು ಬೇಕರಿಯೇ? ಗಿರಾಕಿಗಳು ‘ಏನಕ್ಕ, ಬನ್ನು ಮುಂಚಿನ ಥರ ಇಲ್ವಲ್ಲ’ ಎನ್ನತೊಡಗಿದರು. ಅಂಗಡಿ ಮುಚ್ಚಿಬಿಡೋಣವೇ ಎಂದು ನನ್ನ ಗಂಡ ಒಂದು ದಿನ ಮೆಲ್ಲನೆ ಕೇಳಿದರು.

ಐರಿನಕ್ಕ ಆಗಾಗ ಬಂದು ಧೈರ್ಯ ಹೇಳುತ್ತಿದ್ದರು. ಅವರಿಗೆ ಒಂದು ವಿವರಣೆ ಸಿಕ್ಕಿತ್ತು. ಕೋಳಿಯ ಹೊಟ್ಟೆಯ ಹುಳ ಕೆಲವು ಸಲ ಮೊಟ್ಟೆಯ ಒಳಗೇ ಸೇರಿಕೊಂಡು, ಅದರ ಮೇಲೆಯೇ ಚಿಪ್ಪು ಕಟ್ಟಿಬಿಡುತ್ತದಂತೆ. ‘ನಾವು ನೋಡಿದ್ದು ಅದನ್ನೇ. ಹಿಂದಿನ ದಿನ ಕೂದಲು ಕೂದಲು ಅಂತ ಹೇಳಿ ಹೇಳಿ ಅದೂ ಹಾಗೇ ಕಂಡಿತು’ ಎಂದರು. ಸಮಾಧಾನಕ್ಕೆ ಹೇಳಿದ್ದು, ಆದರೆ ನನಗೆ ಹೇಸಿಗೆ ಇಮ್ಮಡಿಯಾಯಿತು. ನೂಡಲ್ಸಿನ ಫೋಟೊ ತೋರಿಸಿ ಎಂದೆ. ದೊಡ್ಡದು ಮಾಡಿ ನೋಡಿದರೆ ಯಾವುದು ನೂಡಲ್ಸು, ಯಾವುದು ಕೂದಲು ಎಂದು ಬಿಡಿಸಿ ಹೇಳಲಾಗಲಿಲ್ಲ. ಎಳನೀರಿನದು? ‘ನಾರಿರಬೇಕು’ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ನನ್ನನ್ನು ಒಂಟಿ ಮಾಡುತ್ತಿದ್ದರು. ಸುಮಿತ್ರಳಂತೂ ಊರಿಗೆ ಬಂದ ಮೇಲೆ ಒಂದು ಫೋನೂ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಸಕಲೇಶಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಮ್ಮೆ ಅವಳ ಕಾರು ಕಂಡು ಕೈ ಬೀಸಿದೆ. ಅವಳು ನನ್ನನ್ನು ನೋಡಿದಳು, ಗಾಜು ಏರಿಸಿ ಹೋಗಿಬಿಟ್ಟಳು.

ಕಾಫಿ ಕೊಯ್ಲು ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ, ಬೇಕರಿಯಲ್ಲಿ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ, ಸುಮಿತ್ರ ಬಂದು ನಿಂತಳು. ಇಳಿದುಹೋಗಿದ್ದಳು. ಮೆಹಂದಿಯ ಭಾಗವನ್ನೆಲ್ಲ ಕತ್ತರಿಸಿಕೊಂಡಿದ್ದಳು, ಉಳಿದ ಗಿಡ್ಡ ಕೂದಲು ಪೂರ್ತಿ ಬೆಳ್ಳಗಿತ್ತು. ನಾನು ಕರೆದು ಗಲ್ಲಾದ ಪಕ್ಕ ಕೂರಿಸಿದೆ. ಟೀ ತಂದಿಟ್ಟೆ.

‘ಐರಿನಕ್ಕ ಹುಳ ಅಂತ ಹೇಳ್ತಾ ತಿರುಗ್ತಾವ್ರಂತೆ’ ಎಂದಳು.

‘ಹೌದು. ಇರಬೋದೇನೋ’ ಎಂದೆ.

‘ಹುಳ ಅಲ್ಲ ಕಣೇ ಬೇಕ್ರಿ. ಮುಟ್ಟಿದ್ದು ನಾನು.’ ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ‘ನೀನೇ ಹಾಕ್ಕಂತಿದ್ದೀಯ ಅಂದೆನಲ್ಲ, ಆ ಮಾತು ತಪ್ಪು. ಆವತ್ತೇ ಹೇಳ್ಬೇಕಿತ್ತು. ಹೇಳಕ್ಕೆ ಬಾಯಿ ಬರ್ಲಿಲ್ಲ. ನಿನ್ನ ಮುಖ ನೋಡಿದ್ರೆ ಅದೇ ನೆಪ್ಪಾಗ್ತದೆ, ಅದ್ಕೇ ಬರ್ಲಿಲ್ಲ.’

‘ಏನು ನೆಪ್ಪಾಗ್ತದೆ?’

ಅವಳು ಹೊರಗಿನ ರಸ್ತೆಯ ಕಡೆ ನೋಡುತ್ತಾ, ನನ್ನ ಗಂಡನಿಗೆ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿದಳು. ‘ಎಳ್ದೆನಲ್ಲ, ಸಲೀಸಾಗಿ ಬಂತು. ಆಮೇಲೆ ತಡೀತು. ಸಿಕ್ಕಾಕ್ಕಂಡೈತೆ ಅಂದ್ಕಂಡು ಇನ್ನೊಂಚೂರು ಜಗ್ಗಿದೆ. ಆ ಕಡೆಯಿಂದ ಅದೂ ಜಗ್ತು ಕಣೇ. ಚಿಕ್ಕವರಿದ್ದಾಗ ಹೇನು ತೆಗೆಯಕ್ಕೆ ಅಮ್ಮನ ತಲೆ ಕೂದಲು ಹಿಡೀತಿದ್ವಲ್ಲ, ನೋವಾದ್ರೆ ಅಮ್ಮ ತಲೆ ಹಿಂದಕ್ಕೆ ಎಳ್ಕಳ್ಳಲ್ವಾ? ಹಂಗೆ.’

ನನ್ನ ಬಾಯಲ್ಲಿ ನೀರೂರಿತು, ವಾಂತಿಗೆ ಮುಂಚೆ ಊರುತ್ತದಲ್ಲ, ಹಾಗೆ. ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಆದರೆ ಬಲಗೈ ನನ್ನ ಕಡೆಗಿತ್ತು. ಒಂದು ಕ್ಷಣ ಹಿಂಜರಿದು ಹಿಡಿದುಕೊಂಡೆ. ಅದು ಬೆವೆತಿತ್ತು. ನನ್ನ ತಲೆ ಸರಿಯಾಗಿದೆ ಎಂದು ನನಗೆ ಆಗ ಗೊತ್ತಾಯಿತು. ಅಷ್ಟರಮಟ್ಟಿಗೆ ಎದೆ ಹಗುರವಾಯಿತು. ಮಾರನೆಯ ದಿನದಿಂದ ಬೇಕರಿಯ ಹಿಟ್ಟಿಗೆ ಕೈ ಹಾಕಲೂ ಸಾಧ್ಯವಾಯಿತು. ಇದು ಯಾವ ಲೆಕ್ಕ ಎಂದು ಕೇಳಬೇಡಿ. ಅವಳ ಮಾತು ಕೇಳಿ ಹೇಸಿಗೆ ಹೆಚ್ಚಾಗಬೇಕಿತ್ತು, ಕಡಿಮೆಯಾಯಿತು.

ಈಗ ಮತ್ತೆ ನಾವು ಓಡಾಡುತ್ತೇವೆ. ಐರಿನಕ್ಕನಿಗೆ ಆ ಕೂದಲು ಜಗ್ಗಿದ ಮಾತನ್ನು ನಾವಿಬ್ಬರೂ ಹೇಳಿಲ್ಲ. ಅವರ ಹುಳ ಅವರಿಗೆ ನೆಮ್ಮದಿ ಕೊಟ್ಟಿದೆ, ಇರಲಿ. ನಾನು ಈಗಲೂ ದೆವ್ವವನ್ನು ನಂಬುವುದಿಲ್ಲ. ಆ ಕೂದಲು ಯಾರದು, ನನ್ನ ತಟ್ಟೆಗೇ ಏಕೆ ಬಂತು, ಒಂದೇ ವಾರಾಂತ್ಯಕ್ಕೆ ಏಕೆ ಮುಗಿಯಿತು, ಒಂದಕ್ಕೂ ನನ್ನಲ್ಲಿ ಉತ್ತರವಿಲ್ಲ. ನನ್ನ ಕುಟುಂಬದಲ್ಲಾಗಲಿ ಅವಳ ಕುಟುಂಬದಲ್ಲಾಗಲಿ ಅಂಥ ತಲೆಯವರು ಯಾರೂ ನೆನಪಿಗೆ ಬರುವುದಿಲ್ಲ, ಆಮೇಲೆ ಯಾರಿಗೂ ಕೇಡೂ ಆಗಲಿಲ್ಲ.

ಆದರೆ ಆ ಬೆಳಿಗ್ಗೆ ಬೇಕರಿಯಿಂದ ಹೊರಡುವ ಮುಂಚೆ ಸುಮಿತ್ರ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತು ಕೇಳಿದಳು. ಅದು ನನ್ನನ್ನು ಬಿಟ್ಟಿಲ್ಲ.

‘ನಾನು ಕೈ ಬಿಟ್ಬುಟ್ಟೆ. ಬಿಡದೆ ಎಳ್ದಿದ್ರೆ ಏನು ಬರ್ತಿತ್ತು ಅಂತೀಯ?’